ಮೈಸೂರು ದಂಡಿಗೆ ವಾರಸುದಾರರು ಯಾರು?

(ಹಾಸನದ ಬಳಿಯ ಮೊಸಳೆ ಗ್ರಾಮದಲ್ಲಿ ಉಪಾಧ್ಯಾಯರ ಮತ್ತು ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಸಭೆಗೆ ಬರುವ ಮೊದಲು ನಾವು ನಿಮ್ಮೂರಿನ ಎರಡು ಗುಡಿಗಳಿಗೂ ಹೋಗಿ ಬಂದೆವು. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಹೊಯ್ಸಳರ ಕಾಲದಿಂದ, ಸುಮಾರು ಎಂಟುನೂರು ವರ್ಷಗಳಿಂದ, ಅವೆರಡೂ ಕೆಲವೇ ಅಡಿಗಳ ಅಂತರದಲ್ಲಿ ಅಕ್ಕಪಕ್ಕ ನಿಂತಿವೆ. ಅಳತೆಯೊಂದೇ, ಕಲ್ಲೊಂದೇ, ಕೆಲಸದ ಬೆಡಗೂ ಒಂದೇ. ಇಂದಿನ ನಮ್ಮ ವಿಷಯ ದಂಡಿನದು, ದೇವಾಲಯದ್ದಲ್ಲ. ಆದರೂ ಈ ಜೋಡಿ ಗುಡಿಗಳನ್ನು ತಾವು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಿರಬೇಕೆಂದು ಬೇಡುತ್ತೇವೆ. ಮಾತಿನ ಕೊನೆಯಲ್ಲಿ ಅವು ನಮಗೆ ಬೇಕಾಗುತ್ತವೆ.

ನಾವು ವೃತ್ತಿಯಿಂದ ವಕೀಲರು. ವಕೀಲನಿಗೆ ಇತಿಹಾಸವು ಪುಸ್ತಕದ ರೂಪದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಕಕ್ಷಿಗಾರನ ಗಂಟಿನ ರೂಪದಲ್ಲಿ ಬರುತ್ತದೆ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ರೈತನೊಬ್ಬನು ತನ್ನ ಅಜ್ಜಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದನು. ಅವರ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಮಡಿಕೆಯಲ್ಲೇ ಹರಿದುಹೋಗಿದ್ದ ಎರಡು ಕಾಗದಗಳು. ಒಂದರಲ್ಲಿ ಅಜ್ಜಿಯ ಯಜಮಾನನು ಮೈಸೂರು ಪದಾತಿ ದಳಕ್ಕೆ ಸೇರಿದನೆಂದಿದ್ದಿತು. ಇನ್ನೊಂದರಲ್ಲಿ ಅದೇ ಹೆಸರಿನವನು ಮದ್ರಾಸ್ ರೆಜಿಮೆಂಟಿನಿಂದ ಬಿಡುಗಡೆ ಹೊಂದಿದನೆಂದಿದ್ದಿತು. ಪಿಂಚಣಿಯ ಅರ್ಜಿಯನ್ನು ನೋಡಿದ ಕಚೇರಿಯವರು, ಮೈಸೂರಿನ ಸಿಪಾಯಿ ಬೇರೆ, ಮದ್ರಾಸಿನ ಸಿಪಾಯಿ ಬೇರೆ, ಇವನೇ ಅವನೆಂಬುದಕ್ಕೆ ರುಜುವಾತು ತರಬೇಕು ಎಂದುಬಿಟ್ಟಿದ್ದರು. ಮೊಮ್ಮಗನು ಇದನ್ನು ನಮಗೆ ವಿವರಿಸುತ್ತಿರುವಾಗ ಅಜ್ಜಿಯು ನಡುವೆ ಬಾಯಿ ಹಾಕಿ, ‘ಸ್ವಾಮಿ, ನಮ್ಮೆಜಮಾನರು ದಂಡು ಬಿಟ್ಟು ದಂಡಿಗೆ ಹೋದವರಲ್ಲ. ಅವರು ಇದ್ದಲ್ಲೇ ಇದ್ದರು, ದಂಡಿನ ಹೆಸರೇ ಬದಲಾಗಿ ಹೋಯ್ತಂತೆ’ ಎಂದಳು.

ಮಹಾಜನರೇ, ಆ ಹಣ್ಣು ಮುದುಕಿಯ ಒಂದು ಮಾತಿನಲ್ಲಿ ಮೈಸೂರು ಸೈನ್ಯದ ಅರ್ಧ ಶತಮಾನದ ಕಥೆಯೆಲ್ಲ ಅಡಗಿದೆ. ಇವನೇ ಅವನೆಂದು ತೋರಿಸಬೇಕಾದರೆ ನಾವು ಆ ಕಥೆಯನ್ನೆಲ್ಲ ಓದಬೇಕಾಯಿತು. ಓದಿದ್ದನ್ನು ಇಂದು ತಮ್ಮ ಮುಂದೆ ಅರಿಕೆ ಮಾಡುತ್ತೇವೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಒಡೆಯರ ಮನೆತನಕ್ಕೆ ರಾಜ್ಯವನ್ನು ಮರಳಿಸುವಾಗ ಕುಂಪಣಿಯವರು ಬರೆಸಿಕೊಂಡ ಕರಾರಿನ ಮುಖ್ಯ ಅಂಶವೇ ಸೈನ್ಯದ್ದು. ಮೈಸೂರಿನ ರಕ್ಷಣೆಗೆ ಕುಂಪಣಿಯ ದಂಡು. ಅದರ ಖರ್ಚಿಗೆ ಮೈಸೂರಿನ ರೈತನ ಕಂದಾಯ. ವರ್ಷಕ್ಕೆ ಏಳು ಲಕ್ಷ ವರಹಗಳೆಂದು ಗೊತ್ತಾದ ಈ ಪೊಗದಿಯು ಮುಂದೆ 24.5 ಲಕ್ಷ ರೂಪಾಯಿಗಳ ಲೆಕ್ಕದಲ್ಲಿ ನಡೆದುಬಂದಿತು. 1807ರ ಕರಾರು ಇದರ ಮೇಲೆ ನಾಲ್ಕು ಸಾವಿರ ಕುದುರೆ ಸವಾರರನ್ನು ಸಿದ್ಧವಾಗಿಟ್ಟಿರುವ ಭಾರವನ್ನೂ ಹೊರಿಸಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವುದೆಂದು ಗೊತ್ತಾಯಿತು. ಆ ಏರಿಕೆಯ 10.5 ಲಕ್ಷವು ತಪ್ಪಬೇಕಾದರೆ 1927ರವರೆಗೆ ಕಾಯಬೇಕಾಯಿತು. ಹೀಗೆ ಮೈಸೂರಿನ ಪ್ರಜೆಯು ತನ್ನನ್ನು ಕಾಯುವ ದಂಡಿಗೂ ಹಣ ಕೊಟ್ಟನು, ತನ್ನನ್ನು ಅಂಕೆಯಲ್ಲಿಡುವ ದಂಡಿಗೂ ಹಣ ಕೊಟ್ಟನು. ಎರಡೂ ಒಂದೇ ದಂಡಾಗಿದ್ದಿತು ಎಂಬುದೇ ಆ ಕಾಲದ ವಿಶೇಷ.

ಇಷ್ಟರ ನಡುವೆಯೂ ಸಂಸ್ಥಾನಕ್ಕೆ ತನ್ನದೇ ಆದ ಸಣ್ಣ ಸೈನ್ಯವೊಂದು ಉಳಿದಿತ್ತು. ಸಿಲ್ಲೆದಾರರ ಕುದುರೆ ಪಡೆಯನ್ನೂ ಬಾರ್ ಎಂದು ಕರೆಯುತ್ತಿದ್ದ ಬಂದೂಕಿನ ಕಾಲಾಳುಗಳನ್ನೂ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. 1889ರಲ್ಲಿ ಸಾಮ್ರಾಜ್ಯ ಸೇವೆಯ ಪಡೆಗಳೆಂಬ ಏರ್ಪಾಡು ಬಂದಿತು. 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಭಲ್ಲೆಯ ಸವಾರರ ದಳವು ಹುಟ್ಟಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಾಗ, ಜೋಧಪುರದ ಸವಾರರು ಊರಿನ ಮೇಲೆ ನುಗ್ಗಿದರೆ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿಯ ತೋಪುಗಳ ಮೇಲೆ ಬಿದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು, ಉಳಿದೆರಡು ಹೈದರಾಬಾದಿನದು ಮತ್ತು ಜೋಧಪುರದ್ದು. ಕುದುರೆ ಸವಾರನ ಕೀರ್ತಿ ಹೀಗೆ ಲೋಕಕ್ಕೆ ಕಂಡಿತು. ಕಾಲಾಳಿನ ಕಥೆಯನ್ನು ಹೇಳಿದವರು ಕಡಿಮೆ. ನಮ್ಮ ಕಕ್ಷಿಗಾರನು ಕಾಲಾಳು. ಆದುದರಿಂದ ನಾವು ಕಾಲಾಳಿನ ಹಾದಿಯಲ್ಲೇ ಹೋಗೋಣ.

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1922ರಲ್ಲಿ, ಬ್ರಿಟಿಷರು ಭಾರತದ ಸೈನ್ಯವನ್ನು ಕಲಸಿ ಹೊಸದಾಗಿ ಕಟ್ಟಿದರು. ಅದುವರೆಗೆ ಬಿಡಿಬಿಡಿಯಾಗಿದ್ದ ಪಟಾಲಮುಗಳನ್ನು ನಾಲ್ಕೈದರಂತೆ ಒಂದು ರೆಜಿಮೆಂಟಿಗೆ ಸೇರಿಸಿ, ಪ್ರತಿಯೊಂದಕ್ಕೂ ಹೊಸಬರನ್ನು ತರಬೇತು ಮಾಡುವ ಒಂದು ಪಟಾಲಮನ್ನು ಕೊಟ್ಟರು. ಬೆಳಗಾವಿಯು ಮರಾಠಾ ಲಘು ಪದಾತಿ ದಳದ ಮನೆಯಾದದ್ದು ಈ ಏರ್ಪಾಡಿನಲ್ಲಿಯೇ. ಮದ್ರಾಸಿನ ಪಟಾಲಮುಗಳನ್ನೂ ಕೂಡಿಸಿ 3ನೆಯ ಮದ್ರಾಸ್ ರೆಜಿಮೆಂಟ್ ಎಂದು ಹೆಸರಿಟ್ಟರು. ಆದರೆ ಹೆಸರಿಟ್ಟ ಮರುವರ್ಷದಿಂದಲೇ, ಖರ್ಚು ಉಳಿಸಬೇಕೆಂಬ ನೆಪದಿಂದ, ಒಂದೊಂದನ್ನಾಗಿ ಮುಚ್ಚತೊಡಗಿ 1928ರ ವೇಳೆಗೆ ಖಾಯಂ ಸೈನ್ಯದಿಂದ ಆ ರೆಜಿಮೆಂಟನ್ನೇ ಅಳಿಸಿಹಾಕಿದರು.

ಖರ್ಚಿನ ಮಾತು ನೆಪವೆಂದೆವು. ನಿಜವಾದ ಕಾರಣವು ಅದಕ್ಕೂ ಹಿಂದಿನದು. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ದಂಡನಾಯಕನಾಗಿದ್ದು ಮುಂದೆ ಇಡೀ ಭಾರತದ ದಂಡನಾಯಕನಾದ ರಾಬರ್ಟ್ಸ್ ಸಾಹೇಬನು, ದಕ್ಷಿಣದವರಲ್ಲಿ ಯುದ್ಧದ ಕೆಚ್ಚು ಆರಿಹೋಗಿದೆಯೆಂಬ ಅಭಿಪ್ರಾಯವನ್ನು ಸರಕಾರದ ನೀತಿಯಾಗಿ ಮಾಡಿದನು. ಕಾದಾಡುವ ಕುಲಗಳೆಂದೂ ಕಾದಾಡದ ಕುಲಗಳೆಂದೂ ಭಾರತೀಯರನ್ನು ಬೇರ್ಪಡಿಸಿದರು. ಮೈಸೂರಿನ ಸೈನ್ಯವನ್ನು ಮೂರು ದಶಕಗಳ ಕಾಲ ಎದುರಿಸಿ ಬೆವರಿದವರ ಸಂತತಿಯೇ ನೂರು ವರ್ಷ ಕಳೆಯುವುದರೊಳಗೆ ಈ ಮಾತನ್ನು ಹೇಳಿದ್ದು ಸೋಜಿಗ. ಆದರೆ ಹೇಳುವವನ ಕೈಯಲ್ಲಿ ಅಧಿಕಾರವಿದ್ದರೆ ಸೋಜಿಗವೂ ಶಾಸನವಾಗುತ್ತದೆ. ಕೊಡಗಿನ ಹೆಸರನ್ನು ಹೊತ್ತ 71ನೆಯ ಕೂರ್ಗ್ ರೈಫಲ್ಸ್ ಎಂಬ ಪಡೆಯನ್ನು 1902ರಲ್ಲಿ ಕಟ್ಟಿ ಎರಡೇ ವರ್ಷಗಳಲ್ಲಿ ಮುಚ್ಚಿದರು. ದಕ್ಷಿಣದಿಂದ ಉಳಿದುಕೊಂಡ ಹಳೆಯ ಕೀರ್ತಿಯೆಂದರೆ ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ಪಡೆ. ಸೇತುವೆ ಕಟ್ಟುವ, ಸುರಂಗ ತೋಡುವ ಆ ಕೆಲಸಕ್ಕೆ ಇವರಿಲ್ಲದೆ ಗತಿಯಿರಲಿಲ್ಲ.

ಇಲ್ಲಿ ಹೆಸರಿನ ವಿಷಯವಾಗಿ ಎರಡು ವಿಚಿತ್ರಗಳನ್ನು ಹೇಳುವುದು ಯುಕ್ತ. ಮೊದಲನೆಯದು: 1903ರಿಂದ 1922ರವರೆಗೆ ಮದ್ರಾಸಿನ ಅನೇಕ ಪಟಾಲಮುಗಳಿಗೆ ಕರ್ನಾಟಿಕ್ ಪದಾತಿ ಎಂಬ ಹೆಸರಿದ್ದಿತು. ಕರ್ನಾಟಕವೆಂಬ ನಮ್ಮ ಮಾತು ಘಟ್ಟ ಇಳಿದು ಆರ್ಕಾಟಿನ ಬಯಲಿಗೆ ಹೋಗಿ ಅಲ್ಲಿ ಬೀಡುಬಿಟ್ಟಿತು. ಹೆಸರು ನಮ್ಮದು, ನೆಲ ಬೇರೆಯವರದು. 1919ರಲ್ಲಿ ನಮ್ಮ ಜಿಲ್ಲೆಯ ಎಲ್ಲೆಯಾಚೆಯ ಶನಿವಾರಸಂತೆಯಲ್ಲಿ ಹುಟ್ಟಿದ ತರುಣನೊಬ್ಬನು ಅಧಿಕಾರಿಯಾಗಿ ಮೊದಲು ಸೇರಿದ್ದು 88ನೆಯ ಕರ್ನಾಟಿಕ್ ಪದಾತಿಯ ಎರಡನೆಯ ಪಟಾಲಮಿಗೆ. ಅವರೇ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಎರಡನೆಯ ವಿಚಿತ್ರವು ಹೈದರಾಬಾದಿನದು. 19ನೆಯ ಹೈದರಾಬಾದ್ ರೆಜಿಮೆಂಟ್ ಎಂಬುದು ಹೆಸರಿಗೆ ನಮ್ಮ ದಖ್ಖಣದ್ದು, ಆಳುಗಳೆಲ್ಲ ಉತ್ತರದವರು. ಕೊಡಗಿನ ಇನ್ನೊಬ್ಬ ವೀರ ತಿಮ್ಮಯ್ಯನವರು ಬರ್ಮಾದ ಅರಾಕಾನಿನಲ್ಲಿ ಆ ರೆಜಿಮೆಂಟಿನ 8ನೆಯ ಪಟಾಲಮನ್ನು ನಡೆಸಿದರು. ಯುದ್ಧವು ಮುಗಿದೊಡನೆ, 1945ರ ಅಕ್ಟೋಬರಿನಲ್ಲಿ, ಆ ರೆಜಿಮೆಂಟಿಗೆ ಆಳುಗಳ ನಾಡಿನ ಹೆಸರನ್ನೇ ಇಟ್ಟು ಕುಮಾವ್ ರೆಜಿಮೆಂಟ್ ಎಂದು ಕರೆದರು. ಹೆಸರು ಆಳಿಗೆ ತಕ್ಕಂತೆ ಇರಬೇಕು ಎಂಬ ನ್ಯಾಯವನ್ನು ಯುದ್ಧೋತ್ತರ ಸುಧಾರಣೆಯು ಒಂದು ಕಡೆ ಒಪ್ಪಿಕೊಂಡಿತು ಎಂಬುದನ್ನು ತಾವು ಗಮನಿಸಬೇಕು.

ಇನ್ನು ನಮ್ಮ ಪದಾತಿಗೆ ಬರೋಣ. ಎರಡನೆಯ ಮಹಾಯುದ್ಧ ಬಂದಿತು. ಆಳಿನ ಅಭಾವವು ಕಂಡೊಡನೆ ಕಾದಾಡದ ಕುಲಗಳೆಲ್ಲ ಒಂದೇ ರಾತ್ರಿಯಲ್ಲಿ ಕಾದಾಡುವ ಕುಲಗಳಾದವು! ಅಳಿಸಿಹಾಕಿದ್ದ ಮದ್ರಾಸ್ ರೆಜಿಮೆಂಟನ್ನು ಮತ್ತೆ ಎಬ್ಬಿಸಿದರು. ಸಂಸ್ಥಾನಗಳ ಸೈನ್ಯಗಳನ್ನು ಹೊರದೇಶಗಳಿಗೆ ಕಳುಹಿಸಿದರು. 1ನೆಯ ಮೈಸೂರು ಪದಾತಿಯು ಸಿಂಗಪುರಕ್ಕೆ ಹೋಯಿತು. 1942ರ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರಿಗೆ ಶರಣಾದಾಗ, ಸೆರೆಸಿಕ್ಕ ನಲವತ್ತು ಸಾವಿರಕ್ಕೂ ಮಿಕ್ಕ ಭಾರತೀಯರಲ್ಲಿ ಮೈಸೂರಿನ ಆಳುಗಳೂ ಇದ್ದರು. ಎರಡು ದಿನಗಳ ಮೇಲೆ ಫ್ಯಾರರ್ ಪಾರ್ಕಿನ ಬಯಲಿನಲ್ಲಿ ಭಾರತೀಯ ಸೆರೆಯಾಳುಗಳನ್ನೆಲ್ಲ ಕಲೆಹಾಕಿ ಜಪಾನೀಯರಿಗೆ ಒಪ್ಪಿಸಲಾಯಿತು. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು, ಕೆಲವರು ಸೇರಲಿಲ್ಲ. ಎಷ್ಟೋ ಮಂದಿ ದೂರದ ದ್ವೀಪಗಳ ದುಡಿಮೆಯ ಶಿಬಿರಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಈ ಎರಡು ಬಣಗಳಲ್ಲಿ ಯಾರು ದೊಡ್ಡವರೆಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಮನೆಯಲ್ಲಿ ಕಾದವರಿಗೆ ಇಬ್ಬರೂ ಒಂದೇ. ಮೂರೂವರೆ ವರ್ಷಗಳ ಕಾಲ ಇದ್ದಾನೋ ಇಲ್ಲವೋ ಎಂದರಿಯದೆ, ಕುಂಕುಮವನ್ನು ಇಡುವುದೋ ಬಿಡುವುದೋ ಎಂದು ತಿಳಿಯದೆ ಕಳೆದ ತಾಯಂದಿರ ನೋವಿಗೆ ಪದಕವಿಲ್ಲ.

1947ರಲ್ಲಿ ದೇಶ ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಬ್ರಿಟಿಷ್ ಭಾರತದ 23 ಪದಾತಿ ರೆಜಿಮೆಂಟುಗಳಲ್ಲಿ 15 ಭಾರತಕ್ಕೆ, 8 ಪಾಕಿಸ್ತಾನಕ್ಕೆ ಹೋದವು. ಗೂರ್ಖರ 10 ರೆಜಿಮೆಂಟುಗಳಲ್ಲಿ 6 ಇಲ್ಲಿ ಉಳಿದವು, 4 ಬ್ರಿಟಿಷರ ಹಿಂದೆ ಹೋದವು. ಒಂದೇ ಪಾಳೆಯದಲ್ಲಿ ಉಂಡವರು ಪಾತ್ರೆ ಪಡಗ ಹಂಚಿಕೊಂಡು, ಬೀಳ್ಕೊಡುವ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಮೈಸೂರಿನ ಮಹಾರಾಜರು ಆ ಆಗಸ್ಟಿನಲ್ಲಿ ಸೇರ್ಪಡೆಯ ಪತ್ರಕ್ಕೆ ರುಜು ಹಾಕಿದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರು ವಿಷಯಗಳು ಕೇಂದ್ರದ್ದಾದವು. ಅದರ ಬೆನ್ನಲ್ಲೇ ‘ಮೈಸೂರು ಚಲೋ’ ಚಳವಳಿ ನಡೆದು ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರವು ಬಂದಿತು. ಅರಸನ ದಂಡು ಹೀಗೆ ಪ್ರಜೆಯ ದಂಡಾಗುವ ದಾರಿಗೆ ಬಿದ್ದಿತು.

ಈಗ ನಾವು ಹೇಳಲಿರುವ ಸಂಗತಿಯನ್ನು ಉಪಾಧ್ಯಾಯರು ಮಕ್ಕಳಿಗೆ ತಪ್ಪದೆ ಹೇಳಬೇಕು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ನಿಜಾಮನ ರಾಜ್ಯಕ್ಕೆ ಕಾಲಿಟ್ಟಿತು. ದಕ್ಷಿಣದ ಕಡೆಯಲ್ಲಿ, ಹೊಸಪೇಟೆಯ ವಿಭಾಗದಲ್ಲಿ, ರಜಾಕಾರರ ಮೇಲೆ ಬಿದ್ದು ಸಕ್ಕರೆ ಕಾರ್ಖಾನೆಯನ್ನು ಕೈವಶ ಮಾಡಿಕೊಂಡದ್ದು ಯಾವ ಪಡೆ? ಅದು 1ನೆಯ ಮೈಸೂರು. ಸಿಂಗಪುರದಲ್ಲಿ ಸೆರೆಯಾಗಿ ಮುಗಿದೇಹೋಯಿತೆಂದುಕೊಂಡ ಹೆಸರು ಆರು ವರ್ಷಗಳ ಮೇಲೆ ತುಂಗಭದ್ರೆಯ ದಡದಲ್ಲಿ ಮತ್ತೆ ಎದ್ದು ನಿಂತಿತು! ಆ ದಿನದ ಭೂಪಟವನ್ನು ಒಮ್ಮೆ ನೆನೆದು ನೋಡಿರಿ. ಪಡೆಯು ಮೈಸೂರು ಸಂಸ್ಥಾನದ್ದು. ನಿಂತ ಊರು ಹೊಸಪೇಟೆ, ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. ಹೊಳೆಯಾಚೆಯ ಕೊಪ್ಪಳ, ರಾಯಚೂರುಗಳು ಹೈದರಾಬಾದಿನವು. ಮೂರು ಸರಕಾರ, ಒಂದೇ ಮಾತು. ಈ ದಡದಲ್ಲಿ ನಿಂತ ಹಾಸನದ ಹುಡುಗನು ‘ಯಾರಲ್ಲಿ?’ ಎಂದು ಕೂಗಿದರೆ ಆ ದಡದ ರೈತನಿಗೆ ಅದನ್ನು ತಿಳಿಸಿಹೇಳಲು ದುಭಾಷಿ ಬೇಕಿರಲಿಲ್ಲ. ಸೆಪ್ಟೆಂಬರ್ 17ರಂದು ನಿಜಾಮನು ಕದನ ನಿಲ್ಲಿಸಿದನು. ಹೊಸಪೇಟೆಯು 1953ರಲ್ಲಿ, ಕೊಪ್ಪಳ ರಾಯಚೂರುಗಳು 1956ರ ನವೆಂಬರ್ 1ರಂದು ಮೈಸೂರಿನೊಂದಿಗೆ ಕೂಡಿದವು. ಕಾಗದದ ಮೇಲೆ ಏಕೀಕರಣವಾಗುವುದಕ್ಕೆ ಎಂಟು ವರ್ಷಗಳ ಮೊದಲೇ ಒಂದು ಕನ್ನಡ ಪಟಾಲಮು ಆ ಮೂರು ಎಲ್ಲೆಗಳು ಕೂಡುವೆಡೆಯಲ್ಲಿ ನಿಂತಿದ್ದಿತು. ನಿಂತವರಿಗೆ ಅದು ತಿಳಿದಿರಲಾರದು. ತಿಳಿಯದೆ ಮಾಡಿದ ಪುಣ್ಯವೂ ಪುಣ್ಯವೇ.

ಮುಂದಿನದು ಕಾನೂನಿನ ಮಾತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ 259ನೆಯ ಅನುಚ್ಛೇದವೆಂದು ಒಂದಿದ್ದಿತು. ಮೈಸೂರಿನಂತಹ ‘ಬಿ’ ವರ್ಗದ ರಾಜ್ಯಗಳು ತಮ್ಮ ಸೈನ್ಯವನ್ನು ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಇಟ್ಟುಕೊಂಡಿರಬಹುದು. ಆದರೆ ಆ ಸೈನ್ಯವು ಒಕ್ಕೂಟದ ಸೈನ್ಯದ ಭಾಗವೇ ಆಗಿರತಕ್ಕದ್ದು ಎಂಬುದು ಅದರ ತಾತ್ಪರ್ಯ. ಅದೇ ವರ್ಷ ಏಪ್ರಿಲ್ 1ರಿಂದ ಸಂಸ್ಥಾನಗಳ ಹಣಕಾಸು ಕೇಂದ್ರದೊಂದಿಗೆ ಕೂಡಿದ ಮೇಲೆ ಪ್ರತ್ಯೇಕ ಸೈನ್ಯಕ್ಕೆ ಆಧಾರವೇ ತಪ್ಪಿತು. 1956ರ ಏಳನೆಯ ತಿದ್ದುಪಡಿಯಲ್ಲಿ ಆ ಅನುಚ್ಛೇದವನ್ನೇ ತೆಗೆದುಹಾಕಿದರು. ಈ ನಡುವಿನ ವರ್ಷಗಳಲ್ಲಿ ಸಂಸ್ಥಾನಗಳ ಪಡೆಗಳನ್ನೆಲ್ಲ ಒಂದೊಂದಾಗಿ ಭಾರತ ಸೇನೆಯ ರೆಜಿಮೆಂಟುಗಳಿಗೆ ಸೇರಿಸಿದರು. ತಿರುವಾಂಕೂರು, ಕೊಚ್ಚಿಗಳ ಪದಾತಿಗಳು ಮದ್ರಾಸ್ ರೆಜಿಮೆಂಟಿಗೆ ಹೋದವು. ಕೊಲ್ಹಾಪುರ, ಬರೋಡಾಗಳ ಪದಾತಿಗಳು ಬೆಳಗಾವಿಯ ಮರಾಠಾ ದಳಕ್ಕೆ ಹೋದವು. ಮೈಸೂರು ಲ್ಯಾನ್ಸರ್ಸ್ ದಳದ ಸವಾರರು 1953ರಲ್ಲಿ ಹುಟ್ಟಿದ, ಇಂದು 61ನೆಯ ಕ್ಯಾವಲ್ರಿ ಎಂಬ ಹೆಸರಿನ ಕುದುರೆ ಪಡೆಗೆ ಸೇರಿದರು. 1ನೆಯ ಮೈಸೂರು ಪದಾತಿಯು ಮದ್ರಾಸ್ ರೆಜಿಮೆಂಟಿನ 18ನೆಯ ಪಟಾಲಮಾಯಿತು. ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿದ್ದ ಎರಡು ಕಾಗದಗಳ ನಡುವಿನ ಕೊಂಡಿ ಇದೇ. ಆಳು ಅವನೇ, ಬಂದೂಕು ಹಿಡಿದ ಕೈಯೂ ಅದೇ. ಭುಜದ ಮೇಲಿನ ಹಿತ್ತಾಳೆಯ ಅಕ್ಷರಗಳು ಮಾತ್ರ ಬೇರೆ.

ಈ ಏರ್ಪಾಡು ಸರಿಯೋ ತಪ್ಪೋ? ಎರಡು ಪಕ್ಷವನ್ನೂ ಕೇಳದೆ ತೀರ್ಪು ಹೇಳಬಾರದು.

ಸರಕಾರದ ಪಕ್ಷದಲ್ಲಿ ಹೇಳತಕ್ಕದ್ದು ಬಹಳವಿದೆ. ನೂರಾರು ಸಂಸ್ಥಾನಗಳು, ಒಂದೊಂದಕ್ಕೂ ಒಂದೊಂದು ದಂಡು. ಒಂದರ ಸಂಬಳ ಇನ್ನೊಂದಕ್ಕಿಲ್ಲ, ಒಂದರ ಆಯುಧ ಇನ್ನೊಂದಕ್ಕಿಲ್ಲ. ಸ್ವತಂತ್ರ ದೇಶವು ಇಂತಹ ಕಂತೆಯನ್ನು ಹೊತ್ತುಕೊಂಡು ನಡೆಯಲಾರದು. ಸಿಪಾಯಿಗೂ ಇದರಿಂದ ಲಾಭವೇ ಆಯಿತು. ಅವನ ಸಂಬಳ, ಬಡ್ತಿ, ಪಿಂಚಣಿಗಳು ಇಡೀ ದೇಶದ ಸಿಪಾಯಿಗೆ ಸಮವಾದವು. ಇಷ್ಟಲ್ಲದೆ ಕುಲಕ್ಕೊಂದು, ಸೀಮೆಗೊಂದು ಪಡೆಯೆಂಬ ಬ್ರಿಟಿಷರ ಪದ್ಧತಿಯನ್ನೇ ಮುಂದುವರಿಸುವುದು ಒಳ್ಳೆಯದಲ್ಲವೆಂಬ ಭಾವನೆಯೂ ಬೆಳೆದಿದ್ದಿತು. 1949ರ ಜನವರಿ 15ರಂದು ಭಾರತದ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು ಅದೇ ವರ್ಷ ಕಟ್ಟಿದ ಗಾರ್ಡ್ಸ್ ಪಡೆಯಲ್ಲಿ ಎಲ್ಲ ಕುಲ, ಎಲ್ಲ ಸೀಮೆಗಳ ಆಳುಗಳಿಗೂ ಪ್ರವೇಶವಿತ್ತರು. ಕಾದಾಡದ ಸೀಮೆಯೆಂದು ತಳ್ಳಿಬಿಟ್ಟ ದಕ್ಷಿಣದಿಂದ ಬಂದವರೇ ಆ ಬೇಲಿಯನ್ನು ಮೊದಲು ಕಿತ್ತದ್ದು ನ್ಯಾಯವೇ ಆಯಿತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯೂ ಎಲ್ಲ ಭಾರತೀಯರನ್ನೂ ಎಲ್ಲ ಪಡೆಗಳಿಗೂ ತೆಗೆದುಕೊಳ್ಳುವ ದಾರಿಯನ್ನೇ ಹಿಡಿದಿದೆ.

ಇನ್ನೊಂದು ಪಕ್ಷದ ವಾದವನ್ನೂ ಕೇಳೋಣ. ಕುಲ ಸೀಮೆಗಳ ಹೆಸರು ಬೇಡವೆಂಬುದು ನಿಯಮವಾದರೆ ಅದು ಎಲ್ಲರಿಗೂ ಒಂದೇ ಆಗಿರಬೇಕಷ್ಟೆ. ಆದರೆ ಹಳೆಯ ಹೆಸರುಗಳೆಲ್ಲ ಹಾಗೆಯೇ ಉಳಿದವು. ಜಮ್ಮು ಕಾಶ್ಮೀರದ ಸಂಸ್ಥಾನ ಸೈನ್ಯವು ಚೂರಾಗದೆ ಇಡಿಯಾಗಿ ಉಳಿದು 1963ರಲ್ಲಿ ಜಮ್ಮು ಕಾಶ್ಮೀರ ರೈಫಲ್ಸ್ ಎಂಬ ಹೆಸರು ಪಡೆಯಿತು. 1970ರಲ್ಲಿ ನಾಗಾ ರೆಜಿಮೆಂಟ್ ಹೊಸದಾಗಿ ಹುಟ್ಟಿತು. ಅವುಗಳಿಗೆ ಕಾರಣಗಳಿದ್ದವು, ನಾವು ಅಸೂಯೆಪಡುವುದಿಲ್ಲ. ನಮ್ಮ ಮಾತು ಇಷ್ಟೇ: ಕುಮಾವಿನವನಿಗೆ ಹೆಸರು ಬೇಕಾಯಿತು, ಅದು ಸಿಕ್ಕಿತು. ಮೈಸೂರಿನವನಿಗೆ ಹೆಸರಿದ್ದಿತು, ಅದು ಸಂಖ್ಯೆಯಾಯಿತು. ಇದಕ್ಕೆ ಕಾರಣ ಯಾರ ದ್ವೇಷವೂ ಅಲ್ಲ. 1950ರ ಸುಮಾರಿಗೆ ಈ ಪುನರ್ವ್ಯವಸ್ಥೆ ನಡೆಯುವಾಗ ಕನ್ನಡಿಗನು ಒಂದು ಕಡೆ ಕೂಡಿ ನಿಂತು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಧಾರವಾಡ ಬೆಳಗಾವಿಗಳವನು ಮುಂಬಯಿಯವನು, ಮಂಗಳೂರು ಬಳ್ಳಾರಿಗಳವನು ಮದ್ರಾಸಿನವನು, ಕಲಬುರ್ಗಿಯವನು ಹೈದರಾಬಾದಿನವನು, ಕೊಡಗಿನವನು ಬೇರೆ, ಮೈಸೂರಿನವನು ಬೇರೆ. ಹೀಗೆ ಐದು ಮನೆಗಳಲ್ಲಿ ಬಾಡಿಗೆಗಿದ್ದವನಿಗೆ ತನ್ನ ಹೆಸರಿನ ಫಲಕ ಹಾಕಲು ಬಾಗಿಲೇ ಇರಲಿಲ್ಲ. 1956ರಲ್ಲಿ ಮನೆಯು ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಆಯಿತು. ಅಷ್ಟರಲ್ಲಿ ದಂಡಿನ ಹಂಚಿಕೆ ಮುಗಿದುಹೋಗಿತ್ತು.

ಹಾಗಾದರೆ ಈಗ ಕರ್ನಾಟಕ ರೆಜಿಮೆಂಟ್ ಬೇಕೆಂದು ಕೇಳೋಣವೇ? ಈ ಪ್ರಶ್ನೆಯನ್ನು ತರುಣರು ನಮ್ಮಲ್ಲಿ ಅನೇಕ ವೇಳೆ ಕೇಳಿದ್ದಾರೆ. ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಬೇಡ. ಮದ್ರಾಸ್ ರೆಜಿಮೆಂಟಿನಲ್ಲಿ ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ತರಬೇತು ಪಡೆದ ಆ ಪಡೆಯು ಶತ್ರುವಿನ ಮೇಲೆ ಬೀಳುವಾಗ ಕೂಗುವ ‘ಅಡಿ ಕೊಲ್ಲು’ ಎಂಬ ಕೂಗಿನಲ್ಲಿ ಎರಡನೆಯ ಮಾತು ನಮ್ಮ ಕನ್ನಡದ್ದೂ ಹೌದು. ಆ ಕೂಗಿನಲ್ಲಿ ಒಂದಾದ ದನಿಗಳನ್ನು ಮತ್ತೆ ನಾಲ್ಕಾಗಿ ಬೇರ್ಪಡಿಸಿ ನಾವು ಗಳಿಸುವುದೇನು? ರಾಬರ್ಟ್ಸನು ನಮ್ಮನ್ನು ಕುಲ ನೋಡಿ ಹೊರಗಿಟ್ಟನೆಂದು ದೂರುವವರು, ಇಂದು ಸೀಮೆ ನೋಡಿ ಒಳಗೆ ಕರೆಯಿರಿ ಎಂದು ಕೇಳುವುದು ತರವಲ್ಲ. ಪ್ರಾಂತದ ಏಕೀಕರಣವನ್ನು ನಮ್ಮ ಹಿರಿಯರು ಕೇಳಿದ್ದು ಭಾರತದಿಂದ ಬೇರೆಯಾಗುವುದಕ್ಕಲ್ಲ, ಭಾರತದ ಮನೆಯಲ್ಲಿ ನೆಟ್ಟಗೆ ನಿಲ್ಲುವುದಕ್ಕೆ. ದಂಡಿನ ವಿಷಯದಲ್ಲಿಯೂ ಅದೇ ನಮ್ಮ ಅಳತೆಗೋಲು.

‘ಹಾಗಿದ್ದರೆ ಈ ಭಾ಼ಷಣವೇಕೆ?’ ಎಂದು ತಾವು ಕೇಳಬಹುದು. ಹೊಸ ರೆಜಿಮೆಂಟನ್ನು ಕೇಳುವುದು ಬೇರೆ, ಇದ್ದ ಹೆಸರನ್ನು ಮರೆಯುವುದು ಬೇರೆ. ದತ್ತು ಹೋದ ಮಗನು ಹೊಸ ಮನೆಯ ಹೆಸರನ್ನು ಹೇಳುತ್ತಾನೆ. ಆದರೆ ಹೆತ್ತ ಮನೆಯವರು ಅವನ ಹುಟ್ಟಿದ ದಿನವನ್ನೇ ಮರೆತುಬಿಟ್ಟರೆ ಅದಕ್ಕೆ ದತ್ತು ತೆಗೆದುಕೊಂಡವರು ಹೊಣೆಯಲ್ಲ. ಕುದುರೆ ಪಡೆಯವರು ಪ್ರತಿವರ್ಷ ಸೆಪ್ಟೆಂಬರ್ 23ರಂದು ಹೈಫಾ ದಿನವನ್ನು ಆಚರಿಸುತ್ತಾರೆ. ಸಿಂಗಪುರದಲ್ಲಿ ಸೆರೆಯಾದ, ಹೊಸಪೇಟೆಯಲ್ಲಿ ಮತ್ತೆ ಎದ್ದ ಕಾಲಾಳಿನ ದಿನವನ್ನು ಆಚರಿಸಬೇಕಾದವರು ಯಾರು? ಮದ್ರಾಸಿನವರೇ? ದಿಲ್ಲಿಯವರೇ? ಅವನನ್ನು ಕಳುಹಿಸಿಕೊಟ್ಟ ಹಳ್ಳಿಗಳಲ್ಲವೇ?

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆಯುಂಟು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ತಾವೆಲ್ಲ ಬಲ್ಲಿರಿ. ಕ್ರಿ. ಶ. ಸುಮಾರು 450ರದೆಂದು ಗಣಿಸಿರುವ, ಕನ್ನಡದ ಅತಿ ಹಳೆಯ ಬರೆಹಗಳಲ್ಲೊಂದಾದ ಆ ಕಲ್ಲಿನಲ್ಲಿ ಏನಿದೆ? ಯುದ್ಧದಲ್ಲಿ ಗೆದ್ದುಬಂದ ವೀರನೊಬ್ಬನಿಗೆ ಬಾಳ್ಗಳ್ಚು, ಅಂದರೆ ಕತ್ತಿ ತೊಳೆದ ಗೌರವಕ್ಕಾಗಿ ಕೊಟ್ಟ ಹಳ್ಳಿಗಳ ದಾಖಲೆಯಿದೆ. ಕನ್ನಡವು ಕಲ್ಲಿನ ಮೇಲೆ ಮೊದಮೊದಲು ಮಾತನಾಡಿದ್ದೇ ಒಬ್ಬ ಯೋಧನ ಋಣವನ್ನು ಬರೆದಿಡುವುದಕ್ಕೆ! ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಕಂಬವಿದೆ. ಊರೂರ ಬಾಗಿಲಲ್ಲಿ ವೀರಗಲ್ಲುಗಳಿವೆ. ದನ ಕಾಯ್ದು ಸತ್ತವನಿಗೂ ಊರು ಕಾಯ್ದು ಸತ್ತವನಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಅಷ್ಟು ಮಾಡಿದರು. ಊರಿಗೊಂದು ಶಾಲೆಯಿರುವ ಕಾಲದಲ್ಲಿ ನಾವು ಒಂದು ಹಾಳೆಯನ್ನಾದರೂ ಬರೆಯಬೇಡವೇ?

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ಮೂರು ಬಿನ್ನಹಗಳಿವೆ.

ಮೊದಲನೆಯದು, ಪ್ರತಿ ಶಾಲೆಯಲ್ಲಿಯೂ ಒಂದು ದಂಡಿನ ಖಾತೆಯನ್ನು ತೆರೆಯಿರಿ. ಈ ಊರಿನಿಂದ ಯಾರು ದಂಡಿಗೆ ಹೋದರು, ಯಾವ ವರ್ಷ ಹೋದರು, ಯಾವ ಪಡೆಗೆ ಸೇರಿದರು, ಆ ಪಡೆಗೆ ಮುಂದೆ ಏನು ಹೆಸರಾಯಿತು, ಮರಳಿದರೋ ಇಲ್ಲವೋ, ಇಷ್ಟನ್ನು ಬರೆಯಿಸಿರಿ. ಮಕ್ಕಳೇ ಮನೆಮನೆಗೆ ಹೋಗಿ ಕೇಳಿ ಬರಲಿ. ಕಾಗದಗಳ ನಕಲು ತೆಗೆದಿಡಿರಿ. ಗೆದ್ದಲಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದು ಎರಡನ್ನೂ ತಿನ್ನುತ್ತದೆ.

ಎರಡನೆಯದು, ಸಿಪಾಯಿಯ ಮನೆಯವರಿಗೆ ಬರುವ ಕಾಗದಗಳನ್ನು ಓದಿ ಹೇಳುವ ಕೆಲಸವನ್ನು ತಮ್ಮದೆಂದು ಎಣಿಸಿರಿ. ಹಿಮದಲ್ಲಿ ನಿಂತ ಮಗನ ಕಾಗದವು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದು ತಾಯಿಗೆ ಅರ್ಥವಾಗದೆ ಗೂಡಿನಲ್ಲಿ ಬಿದ್ದಿರುವುದು ಅವಮಾನದ ಸಂಗತಿ. ಸೈನಿಕ ಕಲ್ಯಾಣದ ಕಚೇರಿಗಳಿಂದ ಬರುವ ಪ್ರತಿಯೊಂದು ತಿಳಿವಳಿಕೆಯೂ ಕನ್ನಡದಲ್ಲಿರಬೇಕೆಂದು ಗ್ರಾಮ ಪಂಚಾಯಿತಿಗಳು ಕೇಳಬೇಕು. ಇದು ರೆಜಿಮೆಂಟಿನ ಹೆಸರಿಗಿಂತ ದೊಡ್ಡ ಮಾತು. ಯಾರ ಮನಸ್ಸನ್ನೂ ನೋಯಿಸದೆ ನಾಳೆಯೇ ಆಗಬಹುದಾದ ಮಾತು.

ಮೂರನೆಯದು, ಹೊಸಪೇಟೆಯ ಹೊಳೆಯ ದಡದಲ್ಲಿ 1ನೆಯ ಮೈಸೂರು ಪದಾತಿಯ ನೆನಪಿಗೆ ಒಂದು ಕಲ್ಲು ನಿಲ್ಲಬೇಕು. ಅದರ ಮೇಲೆ ಮೈಸೂರಿನ ಹೆಸರೂ ಇರಲಿ, 18ನೆಯ ಮದ್ರಾಸಿನ ಹೆಸರೂ ಇರಲಿ. ದೊಡ್ಡ ಮಂಟಪ ಬೇಡ. ನಮ್ಮ ಶಿಲ್ಪಿಗಳು ಕೆತ್ತುವ ಒಂದು ವೀರಗಲ್ಲು ಸಾಕು. ನಾಡ ಹಬ್ಬವನ್ನು ನವೆಂಬರಿನಲ್ಲಿ ಆಚರಿಸುವಾಗ ಹಾಡುಗಾರರನ್ನು ಕರೆಯುತ್ತೇವೆ, ಭಾಷಣಕಾರರನ್ನು ಕರೆಯುತ್ತೇವೆ. ಒಂದು ವರ್ಷವಾದರೂ ಊರಿನ ಮುದಿ ಸಿಪಾಯಿಯನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸೋಣ.

ಅಜ್ಜಿಯ ಮೊಕದ್ದಮೆ ಏನಾಯಿತೆಂದು ತಮ್ಮಲ್ಲಿ ಕೆಲವರಿಗೆ ಕುತೂಹಲವಿರಬಹುದು. ಎರಡು ಕಾಗದಗಳಲ್ಲೂ ಇದ್ದ ತಂದೆಯ ಹೆಸರು, ಊರು, ಎಡಗೈಯ ಮೇಲಿನ ಮಚ್ಚೆಯ ಗುರುತು ಒಂದೇ ಎಂದು ತೋರಿಸಿ, ಮೈಸೂರು ಪದಾತಿಯೇ ಮದ್ರಾಸಿನ 18ನೆಯದಾಯಿತೆಂಬುದನ್ನು ಮುಂದಿಟ್ಟು ನಾವು ಅರ್ಜಿ ಬರೆದೆವು. ಒಂದೂವರೆ ವರ್ಷದ ಮೇಲೆ ಮಂಜೂರಾತಿ ಬಂದಿತು. ಅದನ್ನು ಓದಿ ಕೇಳುವುದಕ್ಕೆ ಅಜ್ಜಿ ಇರಲಿಲ್ಲ. ನಾಲ್ಕು ತಿಂಗಳ ಹಿಂದೆಯೇ ತೀರಿಹೋಗಿದ್ದಳು. ಊರಿನ ಶಾಲೆಯಲ್ಲಿ ಒಂದು ಖಾತೆಯಿದ್ದು, ಅದರಲ್ಲಿ ಅವಳ ಯಜಮಾನನ ಎರಡು ಪಡೆಗಳ ಹೆಸರೂ ಒಂದೇ ಸಾಲಿನಲ್ಲಿ ಇದ್ದಿದ್ದರೆ, ಆ ಒಂದೂವರೆ ವರ್ಷವು ಒಂದೂವರೆ ತಿಂಗಳಾಗುತ್ತಿತ್ತು. ಈ ಭಾಷಣಕ್ಕೆ ಕಾರಣ ಬೇರೆ ಬೇಕಿಲ್ಲ.

ಮಹಾಜನರೇ, ಇನ್ನು ನಿಮ್ಮ ಎರಡು ಗುಡಿಗಳಿಗೆ ಮರಳೋಣ. ನಾಗೇಶ್ವರನೂ ಚೆನ್ನಕೇಶವನೂ ಒಂದೇ ಅಂಗಳದಲ್ಲಿದ್ದಾರೆ. ಒಂದಕ್ಕೆ ಮಾಡಿದ ನಮಸ್ಕಾರ ಇನ್ನೊಂದಕ್ಕೆ ಕುಂದಲ್ಲ. ಎರಡೂ ಕೂಡಿಯೇ ಮೊಸಳೆಯ ಕೀರ್ತಿ. ಆದರೂ ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ದೀಪ. ಭಾರತದ ಸೇನೆಯ ದೊಡ್ಡ ಅಂಗಳದಲ್ಲಿ ಮೈಸೂರಿನ ಕಾಲಾಳಿಗೂ ಅಂತಹದೊಂದು ದೀಪವನ್ನು ಹಚ್ಚಿಡುವ ಕೆಲಸವನ್ನು ನಾವು ಇನ್ನೊಬ್ಬರಿಂದ ಕೇಳಬೇಕಾಗಿಲ್ಲ. ಬತ್ತಿ ನಮ್ಮ ಮನೆಯಲ್ಲಿದೆ, ಎಣ್ಣೆ ನಮ್ಮ ಮನೆಯಲ್ಲಿದೆ. ಹಚ್ಚುವ ಕೈ ಮಾತ್ರ ಬೇಕು.

ಮೈಸೂರು ದಂಡಿಗೆ ವಾರಸುದಾರರು ಯಾರೆಂದು ಕೇಳಿದೆವು. ಹಕ್ಕಿನಿಂದ ಮದ್ರಾಸ್ ರೆಜಿಮೆಂಟು, ಅದರಲ್ಲಿ ತಕರಾರಿಲ್ಲ. ಋಣದಿಂದ ನಾವು, ನೀವು.